ಚಿಲ್ಲರೆ ಡಬ್ಬಿಯಲ್ಲಿ ನಿಜವಾಗಿಯೂ 10 ಲಕ್ಷ ಇದೆಯೇ? ನಾಣ್ಯಕ್ಕೆ ಬೆಲೆ ಬರುವುದು ಹೇಗೆ?

"ನಿಮ್ಮ ಬಳಿ ವೈಷ್ಣೋದೇವಿ ಚಿತ್ರ ಇರುವ 5 ರೂಪಾಯಿ ನಾಣ್ಯ ಇದೆಯೇ? ಹಾಗಾದರೆ ಮನೆಯಲ್ಲೇ ಕುಳಿತು 10 ಲಕ್ಷ ಗಳಿಸಿ! ನಾಣ್ಯದ ಫೋಟೊ ತೆಗೆದು ಈ ನಂಬರಿಗೆ ಕಳಿಸಿ."

ಈ ಧಾಟಿಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆಯ ಅಪಾರ್ಟ್‌ಮೆಂಟ್ ಗುಂಪು, ವಾಕಿಂಗ್ ಗುಂಪು, ಭಜನಾ ಮಂಡಳಿಯ ಗುಂಪು ಯಾವುದನ್ನೂ ಇಂಥ ಫಾರ್ವರ್ಡ್‌ಗಳು ಬಿಟ್ಟಿಲ್ಲ. ಒಮ್ಮೆ ವೈಷ್ಣೋದೇವಿ, ಇನ್ನೊಮ್ಮೆ ಘೇಂಡಾಮೃಗದ 25 ಪೈಸೆ, ಮತ್ತೊಮ್ಮೆ 1947ರ ಒಂದು ರೂಪಾಯಿ. ನಾಣ್ಯ ಬದಲಾಗುತ್ತದೆ, ಆಸೆ ಮಾತ್ರ ಅದೇ.

ದೇವರ ಮನೆಯ ಡಬ್ಬಿಯಲ್ಲಿ, ಸ್ಕೂಟರಿನ ಡಿಕ್ಕಿಯಲ್ಲಿ, ಅಜ್ಜಿಯ ಸೀರೆ ಪೆಟ್ಟಿಗೆಯಲ್ಲಿ ನಾಲ್ಕು ಹಳೆಯ ನಾಣ್ಯ ಇಲ್ಲದ ಮನೆ ಎಲ್ಲಿದೆ? ಹಾಗಾಗಿ ಈ ಸಂದೇಶ ಓದಿದವರೆಲ್ಲ ಒಮ್ಮೆ ಡಬ್ಬಿ ತೆಗೆದು ನೋಡುತ್ತಾರೆ. ನೋಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆಮೇಲೆ ಆ ನಂಬರಿಗೆ ಫೋಟೊ ಕಳಿಸಿದರೆ ಏನಾಗುತ್ತದೆ, ನಾಣ್ಯಕ್ಕೆ ನಿಜವಾಗಿಯೂ ಬೆಲೆ ಬರುವುದು ಯಾವಾಗ ಎಂಬುದನ್ನು ತಿಳಿದುಕೊಂಡೇ ಮುಂದಿನ ಹೆಜ್ಜೆ ಇಡುವುದು ಒಳ್ಳೆಯದು.

ಚುಟುಕಾಗಿ ಹೇಳುವುದಾದರೆ

ಕೆಲವು ನಾಣ್ಯಗಳಿಗೆ ಸಂಗ್ರಾಹಕರು ಮುಖಬೆಲೆಗಿಂತ ಹೆಚ್ಚು ಕೊಡುವುದು ನಿಜ. ಆದರೆ ದಿನನಿತ್ಯ ಕೈಯಿಂದ ಕೈಗೆ ಓಡಾಡಿದ ನಾಣ್ಯಕ್ಕೆ ಲಕ್ಷಗಟ್ಟಲೆ ಸಿಗುತ್ತದೆ ಎಂಬುದು ಬಹುತೇಕ ಸುಳ್ಳು. ದೇವರ ಚಿತ್ರ ಇದೆ, ನೋಡಲು ಹಳೆಯದು, ಅಂಗಡಿಯವರು ತೆಗೆದುಕೊಳ್ಳುತ್ತಿಲ್ಲ ಎಂಬ ಕಾರಣಕ್ಕೆ ನಾಣ್ಯ ದುಬಾರಿಯಾಗುವುದಿಲ್ಲ. ಇನ್ನೊಂದು ಮಾತು: ನಿಮ್ಮ ನಾಣ್ಯ ಕೊಳ್ಳುತ್ತೇನೆ ಎನ್ನುವವರು ನಿಮ್ಮಿಂದಲೇ ಮೊದಲು ಹಣ ಕೇಳಿದರೆ, ಅಲ್ಲಿ ಮಾರಾಟವಾಗುತ್ತಿರುವುದು ನಾಣ್ಯವಲ್ಲ.

ಒಂದೇ ನಾಣ್ಯ, ಎರಡು ವದಂತಿ

ಮೊದಲು ಒಂದು ವಿಚಿತ್ರ ನೋಡಿ. ಹೂವಿನ ಅಂಗಡಿಯಲ್ಲೋ ತರಕಾರಿ ಗಾಡಿಯಲ್ಲೋ 10 ರೂಪಾಯಿ ನಾಣ್ಯ ಕೊಟ್ಟರೆ "ಇದು ನಡೆಯಲ್ಲ, ನೋಟು ಕೊಡಿ" ಎನ್ನುವವರು ಈಗಲೂ ಸಿಗುತ್ತಾರೆ. ಅದೇ ನಾಣ್ಯದ ಮೇಲೆ ವೈಷ್ಣೋದೇವಿ ಇದ್ದರೆ, ವಾಟ್ಸ್‌ಆ್ಯಪ್ ಅದಕ್ಕೆ 10 ಲಕ್ಷ ಎನ್ನುತ್ತದೆ. ಬೆಳಿಗ್ಗೆ 10 ರೂಪಾಯಿಗೂ ಬೇಡವಾದ ನಾಣ್ಯ ಸಂಜೆಗೆ 10 ಲಕ್ಷವಾಗುವುದು ಹೇಗೆ?

ಎರಡೂ ವದಂತಿಗಳ ಬೇರು ಒಂದೇ: ನಾಣ್ಯಗಳ ವಿನ್ಯಾಸ ಪದೇ ಪದೇ ಬದಲಾಗುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. 10 ರೂಪಾಯಿ ನಾಣ್ಯ ಜನರ ಕೈಗೆ ಬಂದದ್ದು 2009ರಲ್ಲಿ. ಅಲ್ಲಿಂದ 2018ರ ಜನವರಿ ವೇಳೆಗೆ ಅದು 14 ವಿನ್ಯಾಸಗಳಲ್ಲಿ ಬಂದಿತ್ತು. ಎಲ್ಲವೂ ಅಸಲಿ, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ ಆಗಲೇ ಸ್ಪಷ್ಟಪಡಿಸಿದೆ. ರೂಪಾಯಿಯ ಚಿಹ್ನೆಯನ್ನು ಸರ್ಕಾರ ಒಪ್ಪಿಕೊಂಡಿದ್ದು 2010ರಲ್ಲಿ, ಅದು ನಾಣ್ಯದ ಮೇಲೆ ಬಂದಿದ್ದು 2011ರಿಂದ. ಹಾಗಾಗಿ ಅದಕ್ಕಿಂತ ಹಿಂದಿನ ನಾಣ್ಯದಲ್ಲಿ ಚಿಹ್ನೆ ಇಲ್ಲದಿರುವುದು ಸಹಜ. ಗೆರೆ 10 ಇದ್ದರೆ ಅಸಲಿ, 15 ಇದ್ದರೆ ನಕಲಿ ಎಂಬ ಫಾರ್ವರ್ಡ್ ಕೂಡ ಇದೇ ಗೊಂದಲದಿಂದ ಹುಟ್ಟಿದ್ದು.

ಪರಿಚಯವಿಲ್ಲದ ಚಿತ್ರ ಕಂಡಾಗ ಒಬ್ಬರು "ನಕಲಿ" ಎನ್ನುತ್ತಾರೆ, ಇನ್ನೊಬ್ಬರು "ಅಪರೂಪ" ಎನ್ನುತ್ತಾರೆ. ನಮ್ಮ ಕಣ್ಣಿಗೆ ಹೊಸದು ಎಂದ ಮಾತ್ರಕ್ಕೆ ನಾಣ್ಯ ಅಪರೂಪ ಆಗುವುದಿಲ್ಲ. ವಿಶೇಷ ಸಂದರ್ಭಗಳ ನೆನಪಿಗೆ ಭಾರತ ಸರ್ಕಾರ 1964ರಿಂದ ಸ್ಮಾರಕ ನಾಣ್ಯಗಳನ್ನು ಹೊರಡಿಸುತ್ತಿದೆ. ಮೊದಲನೆಯದು ಜವಾಹರಲಾಲ್ ನೆಹರೂ ಅವರದು. ನಮ್ಮ ಬಸವಣ್ಣನವರ ಸ್ಮರಣೆಗೆ 2006ರಲ್ಲಿ 5 ರೂಪಾಯಿ ನಾಣ್ಯ ಬಂತು. ವೈಷ್ಣೋದೇವಿ ಕ್ಷೇತ್ರದ ಆಡಳಿತ ಮಂಡಳಿಗೆ 25 ವರ್ಷ ತುಂಬಿದ ನೆನಪಿಗೆ 2012ರಲ್ಲಿ 5 ಮತ್ತು 10 ರೂಪಾಯಿ ನಾಣ್ಯಗಳು ಬಂದವು. ಇವೆಲ್ಲ ಬ್ಯಾಂಕುಗಳ ಮೂಲಕ ಮಾಮೂಲಿ ಚಿಲ್ಲರೆಯಾಗಿಯೇ ಜನರ ಕೈ ಸೇರಿದಂಥವು.

ಹಾಗಾದರೆ ಬೆಲೆ ಬರುವುದು ಎಲ್ಲಿಂದ?

ನಾಣ್ಯ ಸಂಗ್ರಾಹಕರು ಮುಖ್ಯವಾಗಿ ಐದು ವಿಷಯ ನೋಡುತ್ತಾರೆ.

1. ಎಷ್ಟು ಉಳಿದಿವೆ?

ವಯಸ್ಸಿಗಿಂತ ಮುಖ್ಯವಾದದ್ದು ಸಂಖ್ಯೆ. ಕೋಟಿಗಟ್ಟಲೆ ಅಚ್ಚಾದ ನಾಣ್ಯ 70 ವರ್ಷ ಹಳೆಯದಾದರೂ ಅಗ್ಗವಾಗಿಯೇ ಸಿಗುತ್ತದೆ. ಕಡಿಮೆ ಅಚ್ಚಾದದ್ದು, ಅಥವಾ ಅಚ್ಚಾದ ಮೇಲೆ ವಾಪಸು ಪಡೆದದ್ದು ದುಬಾರಿಯಾಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ 1911ರ ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ. ಅದರಲ್ಲಿ ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆಯ ಚಿತ್ರವಿತ್ತು. ಸೊಂಡಿಲು ಎಷ್ಟು ಗಿಡ್ಡವಾಗಿತ್ತೆಂದರೆ ಜನರ ಕಣ್ಣಿಗೆ ಅದು ಹಂದಿಯಂತೆ ಕಂಡಿತು. ಗಲಾಟೆಯಾಯಿತು. ಸುಮಾರು 94 ಲಕ್ಷ ನಾಣ್ಯ ಅಚ್ಚಾಗಿದ್ದರೂ ಹೊರಗೆ ಬಂದಿದ್ದು ಸುಮಾರು 7 ಲಕ್ಷ ಮಾತ್ರ; ಉಳಿದವನ್ನು ತಡೆಹಿಡಿದು ಕರಗಿಸಿದರು. 1912ರಲ್ಲಿ ಸೊಂಡಿಲು ಉದ್ದ ಮಾಡಿದ ಹೊಸ ವಿನ್ಯಾಸ ಬಂತು. ಇಂದಿಗೂ ಸಂಗ್ರಾಹಕರ ನಡುವೆ ಅದಕ್ಕೆ "ಹಂದಿ ರೂಪಾಯಿ" ಎಂದೇ ಹೆಸರು. ಅದರ ಅಕ್ಕಪಕ್ಕದ ವರ್ಷಗಳ ರೂಪಾಯಿಗಿಂತ ಅದಕ್ಕೆ ಬೆಲೆ ಹೆಚ್ಚು. ಒಂದು ವರ್ಷದ ಅಂತರದಿಂದ ಬಂದ ವ್ಯತ್ಯಾಸವಲ್ಲ ಇದು, ಸಂಖ್ಯೆಯಿಂದ ಬಂದದ್ದು.

2. ಯಾವ ಟಂಕಸಾಲೆಯದು?

ಈಗ ನಿಮ್ಮ ಜೇಬಿನಿಂದ ಒಂದು ನಾಣ್ಯ ತೆಗೆದು ಇಸವಿಯ ಕೆಳಗೆ ನೋಡಿ. ವಜ್ರದ ಆಕಾರದ ಪುಟ್ಟ ಗುರುತಿದ್ದರೆ ಅದು ಮುಂಬೈ ಟಂಕಸಾಲೆಯದು. ನಕ್ಷತ್ರ ಇದ್ದರೆ ಹೈದರಾಬಾದ್. ದುಂಡನೆಯ ಚುಕ್ಕಿ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ಇಂದು ನಮ್ಮ ದೇಶದ ನಾಣ್ಯ ಅಚ್ಚಾಗುವುದು ಈ ನಾಲ್ಕು ಕಡೆ.

ದೇಶದಲ್ಲಿ ಚಿಲ್ಲರೆಗೆ ತತ್ವಾರ ಬಂದಾಗ ಸರ್ಕಾರ ಹೊರದೇಶಗಳಲ್ಲೂ ನಾಣ್ಯ ಅಚ್ಚು ಹಾಕಿಸಿದೆ. 1985ರ ಕೆಲವು 1 ರೂಪಾಯಿ ನಾಣ್ಯಗಳಲ್ಲಿ ಇಂಗ್ಲಿಷಿನ 'ಎಚ್' ಅಕ್ಷರ ಕಾಣುತ್ತದೆ, ಅದು ಬ್ರಿಟನ್ನಿನ ಬರ್ಮಿಂಗ್‌ಹ್ಯಾಂನದು. ಆ ಕಾಲದ ಕೆಲವು 25 ಪೈಸೆಗಳ ಮೇಲಿನ 'ಸಿ' ಕೆನಡಾದ ಗುರುತು.

ಒಂದೇ ಇಸವಿಯ ಒಂದೇ ನಾಣ್ಯ ಒಂದು ಟಂಕಸಾಲೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಅಚ್ಚಾಗಿರಬಹುದು. ಕಡಿಮೆ ಅಚ್ಚಾದದ್ದಕ್ಕೆ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. "1985ರ ನಾಣ್ಯಕ್ಕೆ ಇಷ್ಟು ಲಕ್ಷ" ಎಂದು ಬರೀ ಇಸವಿ ಹೇಳುವ ಫಾರ್ವರ್ಡ್ ಪೊಳ್ಳು ಎನ್ನಲು ಇದೊಂದೇ ಕಾರಣ ಸಾಕು. ನಾಣ್ಯ ಬಲ್ಲವರು ಗುರುತು ಕೇಳದೆ ಬೆಲೆ ಹೇಳುವುದಿಲ್ಲ.

3. ಯಾವ ಸ್ಥಿತಿಯಲ್ಲಿದೆ?

ಅಚ್ಚಿನಿಂದ ಬಂದ ಹೊಳಪು ಹಾಗೇ ಇರುವ, ಚಲಾವಣೆಯಾಗದ ನಾಣ್ಯಕ್ಕೂ ಬಸ್ಸು, ಹುಂಡಿ, ತರಕಾರಿ ಮಾರುಕಟ್ಟೆ ಸುತ್ತಿ ಸವೆದ ನಾಣ್ಯಕ್ಕೂ ಬೆಲೆಯಲ್ಲಿ ಹಲವು ಪಟ್ಟು ವ್ಯತ್ಯಾಸ ಇರುತ್ತದೆ. ಅಶೋಕ ಸ್ತಂಭದ ಸಿಂಹಗಳ ಮುಖ ಸ್ಪಷ್ಟವಾಗಿದೆಯೇ, ಅಕ್ಷರಗಳ ಅಂಚು ಚೂಪಾಗಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡುತ್ತಾರೆ. ಫೋಟೊ ನೋಡಿದ ತಕ್ಷಣ "10 ಲಕ್ಷ ಪಕ್ಕಾ" ಎನ್ನುವವರು ನಾಣ್ಯ ನೋಡಿಲ್ಲ, ನಿಮ್ಮನ್ನು ನೋಡಿದ್ದಾರೆ.

ಇಲ್ಲೊಂದು ಎಚ್ಚರಿಕೆ. ಹಳೆಯ ನಾಣ್ಯ ಸಿಕ್ಕಿದೊಡನೆ ನಮ್ಮ ಮನೆಗಳಲ್ಲಿ ಮಾಡುವ ಮೊದಲ ಕೆಲಸ ಹುಣಸೆಹಣ್ಣು ಹಾಕಿ ಉಜ್ಜುವುದು. ದಯವಿಟ್ಟು ಮಾಡಬೇಡಿ. ಹುಣಸೆಯ ಆಮ್ಲ ಮೇಲಿನ ಪದರವನ್ನೇ ಕರಗಿಸುತ್ತದೆ, ಉಜ್ಜಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬೀಳುತ್ತವೆ. ನಿಮಗೆ ಕೊಳೆಯಾಗಿ ಕಾಣುವ ಮಾಸಲು ಬಣ್ಣ ಸಂಗ್ರಾಹಕರಿಗೆ ನಾಣ್ಯದ ಸಹಜ ಚರ್ಮ ಇದ್ದಂತೆ. ನಿಜಕ್ಕೂ ಬೆಲೆ ಇದ್ದ ನಾಣ್ಯವೂ ಉಜ್ಜಿದ ಮೇಲೆ ಅರ್ಧಕ್ಕೆ ಇಳಿಯಬಹುದು. ಹೊಳಪು ದೇವರ ಮನೆಯ ದೀಪಕ್ಕಿರಲಿ.

4. ಅಚ್ಚಿನಲ್ಲಿ ತಪ್ಪಾಗಿದೆಯೇ?

ಚಲಾವಣೆಯ ನಾಣ್ಯಗಳಲ್ಲಿ ನಿಜವಾದ ಕುತೂಹಲ ಇರುವುದು ಇಲ್ಲಿ. ಟಂಕಸಾಲೆಯಲ್ಲಿ ಲೋಹದ ದುಂಡನೆ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತುತ್ತಾರೆ. ಕೋಟಿಗಟ್ಟಲೆ ಒತ್ತುವಾಗ ಎಲ್ಲೋ ಒಂದು ತಪ್ಪಾಗುತ್ತದೆ. ಬಿಲ್ಲೆ ಪಕ್ಕಕ್ಕೆ ಜಾರಿ ಅರ್ಧ ಚಿತ್ರ ಮಾತ್ರ ಬೀಳುತ್ತದೆ. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನದಕ್ಕೆ ಕನ್ನಡಿಯಲ್ಲಿ ನೋಡಿದಂತೆ ತಿರುಗುಮುರುಗಾದ ಗುಳಿ ಚಿತ್ರ ಬೀಳುತ್ತದೆ. ಇಂಥವು ಪರೀಕ್ಷೆಯಲ್ಲಿ ಕಣ್ಣು ತಪ್ಪಿಸಿ ಹೊರಬಂದರೆ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ನಾಣ್ಯದ ಸಿಂಹ ನೆಟ್ಟಗೆ ನಿಲ್ಲುವಂತೆ ಹಿಡಿದು, ಪುಸ್ತಕದ ಹಾಳೆ ತಿರುವಿದಂತೆ ಪಕ್ಕಕ್ಕೆ ತಿರುಗಿಸಿ. ನಮ್ಮ ದೇಶದ ಈಗಿನ ನಾಣ್ಯಗಳಲ್ಲಿ ಹಿಂಬದಿಯ ಅಂಕಿಯೂ ನೆಟ್ಟಗೇ ಇರಬೇಕು. ಅದು ತಲೆಕೆಳಗಾಗಿದ್ದರೆ ಅಥವಾ ಚೆನ್ನಾಗಿ ವಾಲಿದ್ದರೆ ಅಚ್ಚು ತಿರುಗಿ ಕೂತಿತ್ತು ಎಂದರ್ಥ. ಇದಕ್ಕೂ ಲಕ್ಷ ಸಿಗುವುದಿಲ್ಲ, ಆದರೆ ಮುಖಬೆಲೆಗಿಂತ ಹೆಚ್ಚು ಕೊಡುವವರು ಇದ್ದಾರೆ.

ಹಾಗೆಂದು ಸುತ್ತಿಗೆಯ ಏಟು ತಿಂದದ್ದು, ರೈಲು ಹಳಿಯ ಮೇಲೆ ಚಪ್ಪಟೆಯಾದದ್ದು, 10 ರೂಪಾಯಿಯ ನಡುವಿನ ಬಿಲ್ಲೆ ಕಿತ್ತು ಬಂದದ್ದು ಅಚ್ಚಿನ ತಪ್ಪಲ್ಲ. ಅವು ಹಾಳಾದ ನಾಣ್ಯಗಳು ಅಷ್ಟೆ. ಬೇಕೆಂದೇ ನಾಣ್ಯ ಕತ್ತರಿಸುವುದು, ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ ಕೂಡ.

5. ಬೇಕು ಎನ್ನುವವರು ಇದ್ದಾರೆಯೇ?

ಅಪರೂಪವಾಗಿದ್ದರೂ ಕೇಳುವವರಿಲ್ಲದಿದ್ದರೆ ಬೆಲೆ ಇಲ್ಲ. ಒಂದು ಸರಣಿಯ ಎಲ್ಲ ಇಸವಿಗಳನ್ನೂ, ಎಲ್ಲ ಟಂಕಸಾಲೆಗಳನ್ನೂ ಕೂಡಿಸುವ ಹಟ ಇರುವವರು ತಮ್ಮ ಆಲ್ಬಮ್ಮಿನ ಖಾಲಿ ಜಾಗ ತುಂಬಲು ಹೆಚ್ಚು ಕೊಡುತ್ತಾರೆ. ಆ ಜಾಗ ತುಂಬಿದ ಮೇಲೆ ಅದೇ ನಾಣ್ಯದ ಎರಡನೆಯ ಪ್ರತಿ ಅವರಿಗೆ ಬೇಡ. ಬೆಲೆ ನಾಣ್ಯದೊಳಗೆ ಇರುವ ವಸ್ತುವಲ್ಲ, ಕೊಳ್ಳುವವರ ಮನಸ್ಸಿನಲ್ಲಿ ಇರುವಂಥದ್ದು.

ಫಾರ್ವರ್ಡ್‌ಗಳಲ್ಲಿ ಬರುವ ನಾಣ್ಯಗಳು, ಒಂದೊಂದಾಗಿ

ವೈಷ್ಣೋದೇವಿ, ಬಸವಣ್ಣ ಮುಂತಾದ 5 ರೂಪಾಯಿ: ಚಲಾವಣೆಗೆಂದೇ ಬಂದ ನಾಣ್ಯಗಳು. ಹೊಳಪು ಮಾಸದಿದ್ದರೆ ಹತ್ತಾರು ರೂಪಾಯಿಗಳ ಮಾತು, ಲಕ್ಷದ ಮಾತಲ್ಲ. ಶ್ರದ್ಧೆಯಿಂದ ದೇವರ ಮನೆಯಲ್ಲಿ ಇಟ್ಟುಕೊಂಡರೆ ಅದು ಬೇರೆ ವಿಷಯ. ಅದಕ್ಕೆ ಬೆಲೆ ಕಟ್ಟುವ ಅಗತ್ಯವೇ ಇಲ್ಲ.

ಘೇಂಡಾಮೃಗದ 25 ಪೈಸೆ: 1988ರಿಂದ 2002ರವರೆಗೆ ಉಕ್ಕಿನಲ್ಲಿ ದಂಡಿಯಾಗಿ ಅಚ್ಚಾದದ್ದು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಮೌಲ್ಯದ ನಾಣ್ಯಗಳ ಚಲಾವಣೆ 2011ರ ಜೂನ್ 30ರಿಂದ ನಿಂತಿದೆ. ಚಲಾವಣೆ ನಿಂತರೆ ಬೆಲೆ ಏರುತ್ತದೆ ಎಂದೇನಿಲ್ಲ, ಪ್ರತಿ ಮನೆಯಲ್ಲೂ ಹಿಡಿಯಷ್ಟು ಉಳಿದಿರುವಾಗ ಕೊಳ್ಳುವವರು ಯಾರು? ಅಂದಹಾಗೆ 50 ಪೈಸೆ ಕಾನೂನಿನ ಪ್ರಕಾರ ಈಗಲೂ ಚಲಾವಣೆಯಲ್ಲಿದೆ.

1947ರ ಒಂದು ರೂಪಾಯಿ: ಸ್ವಾತಂತ್ರ್ಯದ ವರ್ಷ ಎಂಬ ಭಾವನೆಯಿಂದ ಇದಕ್ಕೆ ದೊಡ್ಡ ಹೆಸರು. ಒಂದು ಕಡೆ ಆರನೇ ಜಾರ್ಜ್, ಇನ್ನೊಂದು ಕಡೆ ಹುಲಿ. ಇದು ಬೆಳ್ಳಿಯದಲ್ಲ, ನಿಕ್ಕಲ್‌ನದು. ಮನೆಯಲ್ಲಿರುವ ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಳ್ಳುತ್ತದೆ, ಬೆಳ್ಳಿಯಾಗಿದ್ದರೆ ಅಂಟುತ್ತಿರಲಿಲ್ಲ. ಇದೂ ಕೋಟಿಗಟ್ಟಲೆ ಅಚ್ಚಾದ ನಾಣ್ಯವೇ.

ಅಜ್ಜಿಯ ಪೆಟ್ಟಿಗೆಯ ಬೆಳ್ಳಿ ರೂಪಾಯಿ: ಇದಕ್ಕೆ ನಿಜವಾದ ಬೆಲೆ ಇದೆ. 1940ಕ್ಕಿಂತ ಹಿಂದಿನ ಬ್ರಿಟಿಷ್ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ಶೇಕಡಾ 91.7ರಷ್ಟು ಬೆಳ್ಳಿ. ಅಂದರೆ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. ಆ ದಿನದ ಬೆಳ್ಳಿ ದರ ನೋಡಿದರೆ ಇದರ ಕನಿಷ್ಠ ಬೆಲೆ ನೀವೇ ಲೆಕ್ಕ ಹಾಕಬಹುದು. ಇಸವಿ ಅಪರೂಪದ್ದಾಗಿದ್ದರೆ ಅದಕ್ಕೂ ಮೇಲೆ. ಕರಗಿಸುವ ಮೊದಲು ನಾಣ್ಯ ಬಲ್ಲವರಿಗೆ ತೋರಿಸುವುದು ಲೇಸು. 1940ರಲ್ಲಿ ಬೆಳ್ಳಿಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು ಎಂಬುದೂ ನೆನಪಿರಲಿ.

ರಾಮ ದರ್ಬಾರಿನ 1818ರ 'ಒಂದಾಣೆ': ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಇನ್ನೊಂದು ಬದಿಯಲ್ಲಿ ರಾಮ, ಸೀತೆ, ಹನುಮಂತ. ಕಂಪನಿ ಇಂಥ ನಾಣ್ಯ ಹೊರಡಿಸಿಯೇ ಇಲ್ಲ. ಇವು ಆಮೇಲೆ ಯಾರೋ ತಯಾರಿಸಿ ಮಾರಿದ ಬಿಲ್ಲೆಗಳು. ಇದರ ಸುತ್ತ ಇನ್ನೂ ದೊಡ್ಡ ಮೋಸ ಒಂದಿದೆ: "ರೈಸ್ ಪುಲ್ಲಿಂಗ್". ಅಕ್ಕಿಯನ್ನು ಸೆಳೆಯುವ ಶಕ್ತಿ ಇದೆ, ವಿದೇಶದವರು ಕೋಟಿ ಕೊಡುತ್ತಾರೆ ಎಂದು ತಾಮ್ರದ ನಾಣ್ಯ, ಚೊಂಬು ತೋರಿಸಿ ಹಣ ಕೀಳುವ ಜಾಲಗಳನ್ನು ಕರ್ನಾಟಕದ ಪೊಲೀಸರು ಹಲವು ಬಾರಿ ಹಿಡಿದಿದ್ದಾರೆ. ತಾಮ್ರ ಕಬ್ಬಿಣವನ್ನೇ ಸೆಳೆಯುವುದಿಲ್ಲ, ಇನ್ನು ಅಕ್ಕಿ ಎಲ್ಲಿಂದ? ಒಳಗೆ ಅಯಸ್ಕಾಂತ ಅಡಗಿಸಿ, ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿದರೆ ಯಾವ ಪಾತ್ರೆಯೂ ಪವಾಡ ಮಾಡುತ್ತದೆ.

ಹಾಗಾದರೆ ಆ 10 ಲಕ್ಷದ ಲೆಕ್ಕ ಬಂದದ್ದೆಲ್ಲಿಂದ?

ಆನ್‌ಲೈನ್ ಮಾರಾಟ ತಾಣಗಳಲ್ಲಿ ಯಾರು ಬೇಕಾದರೂ ಯಾವ ವಸ್ತುವಿಗೂ ಯಾವ ಬೆಲೆಯನ್ನೂ ಬರೆಯಬಹುದು. ಒಬ್ಬರು ತಮ್ಮ 5 ರೂಪಾಯಿಗೆ 10 ಲಕ್ಷ ಎಂದು ಬರೆದು ಹಾಕುತ್ತಾರೆ. ಅದರ ಚಿತ್ರ ತೆಗೆದು ಇನ್ನೊಬ್ಬರು ವಿಡಿಯೊ ಮಾಡುತ್ತಾರೆ. ವಿಡಿಯೊ ಫಾರ್ವರ್ಡ್ ಆಗುತ್ತದೆ. ಕೇಳಿದ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಸೈಟಿನ ಮೇಲೆ "ಮಾರಾಟಕ್ಕಿದೆ" ಎಂದು ಬೋರ್ಡು ಹಾಕಿ ನೂರು ಕೋಟಿ ಬರೆದರೆ ಅದು ನೂರು ಕೋಟಿಯ ಸೈಟು ಆಗುತ್ತದೆಯೇ?

ಇದರ ಹಿಂದೆಯೇ ವಂಚಕರು ಬರುತ್ತಾರೆ. 2021ರ ಜೂನ್‌ನಲ್ಲಿ ವರದಿಯಾದ ಬೆಂಗಳೂರಿನ ಪ್ರಕರಣ ನೋಡಿ. ಶಿಕ್ಷಕಿಯೊಬ್ಬರು 1947ರ ನಾಣ್ಯವನ್ನು ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಇಟ್ಟರು. ಅವರು ಕೇಳಿದ್ದಕ್ಕಿಂತಲೂ ಎಷ್ಟೋ ಪಟ್ಟು ಹೆಚ್ಚು ಕೊಡುತ್ತೇವೆ ಎಂದು ಫೋನ್ ಬಂತು. ಅಷ್ಟು ಹಣ ಖಾತೆಗೆ ಹಾಕಲು ಮೊದಲು ತೆರಿಗೆ ಕಟ್ಟಬೇಕು ಎಂದರು. ಕಟ್ಟುತ್ತಾ ಹೋದ ಶಿಕ್ಷಕಿ ಕಳೆದುಕೊಂಡದ್ದು ಸುಮಾರು 1 ಲಕ್ಷ ರೂಪಾಯಿ.

ಓದಿದವರೇ ಹೀಗೆ ಮೋಸ ಹೋದರೇ ಎಂದು ನಗುವ ಮೊದಲು ಈ ಮೋಸದ ರಚನೆ ಗಮನಿಸಿ. ಮೊದಲು ನೋಂದಣಿ ಶುಲ್ಕ, ಸಣ್ಣ ಮೊತ್ತ. ಆಮೇಲೆ ರಿಸರ್ವ್ ಬ್ಯಾಂಕಿನ ಲಾಂಛನ ಇರುವ 'ಪ್ರಮಾಣಪತ್ರ'. ಆಮೇಲೆ ಜಿಎಸ್‌ಟಿ, ವಿಮೆ, ಕೊರಿಯರ್. ಪ್ರತಿ ಸಲವೂ "ಇದೊಂದೇ ಬಾಕಿ" ಎನ್ನುತ್ತಾರೆ. ಈಗಾಗಲೇ ಕಟ್ಟಿದ ಹಣ ಮುಳುಗಬಾರದು ಎಂಬ ಭಯವೇ ಮುಂದಿನ ಕಂತನ್ನು ಕಟ್ಟಿಸುತ್ತದೆ. ಇಲ್ಲಿ ಕೆಲಸ ಮಾಡುವುದು ದಡ್ಡತನವಲ್ಲ. ಮಗಳ ಕಾಲೇಜು ಫೀಸು, ಮನೆ ಸಾಲದ ಕಂತಿನ ಚಿಂತೆ ಇರುವ ಯಾರ ಮನಸ್ಸಿನಲ್ಲೂ ಹುಟ್ಟಬಹುದಾದ ಆಸೆ.

ಇಂಥ ದೂರುಗಳು ಹೆಚ್ಚಿದ್ದರಿಂದ 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿತು. ಹಳೆಯ ನೋಟು, ನಾಣ್ಯಗಳ ಕೊಡುಕೊಳ್ಳುವಿಕೆಯಲ್ಲಿ ತಾನು ತೊಡಗಿಲ್ಲ, ಅದಕ್ಕೆ ಯಾವ ಶುಲ್ಕ ಅಥವಾ ಕಮಿಷನ್ನನ್ನೂ ಕೇಳುವುದಿಲ್ಲ, ತನ್ನ ಪರವಾಗಿ ಹಣ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂಬುದು ಅದರ ಸಾರ.

ನಿಮ್ಮ ಬಳಿ ಒಳ್ಳೆಯ ನಾಣ್ಯ ಇದೆ ಅನಿಸಿದರೆ

● ತೊಳೆಯಬೇಡಿ, ಉಜ್ಜಬೇಡಿ. ಅಂಚು ಹಿಡಿದು ಎತ್ತಿ, ಒಣಗಿದ ಕಾಗದದ ಲಕೋಟೆಯಲ್ಲಿ ಇಡಿ.

● ಇಸವಿ, ಟಂಕಸಾಲೆಯ ಗುರುತು, ಲೋಹ ಮೂರನ್ನೂ ಬರೆದುಕೊಳ್ಳಿ.

● ಕೇಳಿದ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ನಾಣ್ಯ ಹರಾಜು ಸಂಸ್ಥೆಗಳು ಹರಾಜಿನ ಫಲಿತಾಂಶ ಪ್ರಕಟಿಸುತ್ತವೆ. ಬೆಂಗಳೂರಿನಲ್ಲೇ ಮರುಧರ್ ಆರ್ಟ್ಸ್‌ನಂಥ ಹರಾಜು ಸಂಸ್ಥೆ ಇದೆ. ನಗರದಲ್ಲಿ ನಡೆಯುವ ನಾಣ್ಯ ಪ್ರದರ್ಶನಗಳಿಗೆ ಹೋದರೆ ಒಂದೇ ಕಡೆ ಹತ್ತಾರು ವ್ಯಾಪಾರಿಗಳು ಸಿಗುತ್ತಾರೆ. ಇಬ್ಬರು ಮೂವರನ್ನು ಕೇಳಿ.

● ಕೈಗೆ ಹಣ ಬಂದ ಮೇಲೆಯೇ ನಾಣ್ಯ ಕೊಡಿ. ಒಟಿಪಿ, ಆಧಾರ್ ಪ್ರತಿ, ಕ್ಯೂಆರ್ ಕೋಡ್ ಸ್ಕ್ಯಾನ್ ಯಾವುದೂ ಬೇಡ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ.

● 100 ವರ್ಷಕ್ಕಿಂತ ಹಳೆಯ ನಾಣ್ಯ 1972ರ ಕಾಯ್ದೆಯಡಿ ಪುರಾತನ ವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಮಾರುವಂತಿಲ್ಲ. "ದುಬೈ ಪಾರ್ಟಿ ಇದೆ" ಎಂದರೆ ಅಲ್ಲೇ ಮಾತು ನಿಲ್ಲಿಸಿ.

● ಈಗಾಗಲೇ ಹಣ ಕಳಿಸಿದ್ದರೆ ನಾಚಿಕೊಂಡು ಕೂರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ ದೂರು ಕೊಡಿ. ಬೇಗ ತಿಳಿಸಿದಷ್ಟೂ ಹಣವನ್ನು ವಂಚಕರ ಖಾತೆಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಮತ್ತೆ ಆ ಫಾರ್ವರ್ಡ್ ಬಂದರೆ

ಗುಂಪಿನಲ್ಲಿ ಅದನ್ನು ಹಾಕಿದವರು ಯಾರಿಗೋ ಮೋಸವಾಗಲಿ ಎಂದು ಹಾಕಿರುವುದಿಲ್ಲ. "ಯಾರಿಗಾದರೂ ಉಪಯೋಗವಾಗಲಿ" ಎಂದೇ ಹಾಕಿರುತ್ತಾರೆ. ಹಾಗಾಗಿ ಅವರನ್ನು ಎಲ್ಲರೆದುರು ಗೇಲಿ ಮಾಡುವುದರಿಂದ ಪ್ರಯೋಜನವಿಲ್ಲ. "ಆಂಟಿ, ಇದರಲ್ಲಿರುವ ನಂಬರಿಗೆ ಯಾರೂ ಫೋನ್ ಮಾಡಬೇಡಿ, ಮೊದಲು ಹಣ ಕೇಳುತ್ತಾರೆ" ಎಂದು ಒಂದು ಸಾಲು ಬರೆದರೆ ಸಾಕು. ಯಾರದೋ ಒಂದು ತಿಂಗಳ ಪಿಂಚಣಿ ಉಳಿದೀತು.

ಇನ್ನು ನಿಮ್ಮ ಚಿಲ್ಲರೆ ಡಬ್ಬಿ. ಅದನ್ನು ಒಂದು ಭಾನುವಾರ ಮಕ್ಕಳ ಮುಂದೆ ಸುರಿದು ವಜ್ರ ಎಷ್ಟು, ನಕ್ಷತ್ರ ಎಷ್ಟು, ಚುಕ್ಕಿ ಎಷ್ಟು ಎಂದು ಹುಡುಕಲು ಹೇಳಿ. ಲಕ್ಷ ಸಿಗುವುದಿಲ್ಲ. ಆದರೆ ಮುಂಬೈ, ಹೈದರಾಬಾದ್, ನೋಯ್ಡಾ, ಕೋಲ್ಕತ್ತಾ ನಾಲ್ಕೂ ಊರುಗಳು ನಿಮ್ಮ ಮನೆಯ ನಡುಮನೆಯಲ್ಲಿ ಸಿಗುತ್ತವೆ. ಅದರಲ್ಲಿ 10 ರೂಪಾಯಿ ನಾಣ್ಯಗಳಿದ್ದರೆ ತೆಗೆದಿಟ್ಟುಕೊಂಡು ನಾಳೆ ಸೊಪ್ಪು ತರಲು ಒಯ್ಯಿರಿ. ಅವು 10 ಲಕ್ಷವಲ್ಲ, ಆದರೆ ಖಂಡಿತವಾಗಿ 10 ರೂಪಾಯಿ.